ಕವಾಟಕ್ಕೆ ಚಂದಾ ಎತ್ತುವ ನಾವು ಗಂಟಲನ್ನೇಕೆ ನೋಡುವುದಿಲ್ಲ?

ಶುಕ್ರವಾರದ ಜುಮಾ ನಮಾಝ್ ಮುಗಿದು ಜನರು ಎದ್ದು ಹೊರಡುವ ಮುನ್ನ ಮಸೀದಿಯ ಧ್ವನಿವರ್ಧಕದಲ್ಲಿ ಕೇಳಿಬರುವ ಒಂದು ಪ್ರಕಟಣೆ ನಮ್ಮ ಪಟ್ಟಣಗಳಿಗೆ ಅಪರಿಚಿತವೇನಲ್ಲ. ಮೊಹಲ್ಲಾದ ಒಬ್ಬ ಬಡ ಸಹೋದರನ ಮಗಳಿಗೆ ಹೃದಯದ ಕವಾಟದ ಶಸ್ತ್ರಚಿಕಿತ್ಸೆ ಆಗಬೇಕಾಗಿದೆ, ಹಣ ಸಾಲದು, ಅಲ್ಲಾಹನು ಕೊಟ್ಟುದರಲ್ಲಿ ಒಂದಿಷ್ಟನ್ನು ನೀಡಿ ನೆರವಾಗಿರಿ ಎಂಬುದೇ ಆ ಪ್ರಕಟಣೆ. ಬಾಗಿಲ ಬಳಿ ಒಂದು ಟವೆಲ್ ಹಾಸಲಾಗುತ್ತದೆ. ಹಣ್ಣಿನ ಗಾಡಿಯವನು ಹತ್ತು ರೂಪಾಯಿ ಹಾಕುತ್ತಾನೆ. ಗ್ಯಾರೇಜಿನ ಮಾಲಿಕ ಐನೂರು ಹಾಕುತ್ತಾನೆ. ನಂಜನಗೂಡಿರಲಿ, ತಿ. ನರಸೀಪುರವಿರಲಿ, ಬನ್ನೂರಿರಲಿ, ಕೊಡುವ ಕೈಗಳಿಗೆ ಈ ಸಮುದಾಯದಲ್ಲಿ ಎಂದೂ ಬರ ಬಂದಿಲ್ಲ.

ಆ ಔದಾರ್ಯವನ್ನು ನಾವು ಹಗುರವಾಗಿ ಕಾಣುತ್ತಿಲ್ಲ. ಆದರೆ ಟವೆಲ್ ಮಡಚಿ ಹಣ ಎಣಿಸುವ ಹೊತ್ತಿನಲ್ಲಿ ಯಾರೂ ಕೇಳದ ಒಂದು ಪ್ರಶ್ನೆಯಿದೆ. ವಯಸ್ಸಾದವರಿಗೆ ಹೃದ್ರೋಗ ಬರುವುದನ್ನು ಎಲ್ಲರೂ ಬಲ್ಲರು. ಹದಿನೆಂಟು ಇಪ್ಪತ್ತರ ಹೆಣ್ಣುಮಗಳ ಹೃದಯದ ಕವಾಟ ಕೆಟ್ಟದ್ದಾದರೂ ಹೇಗೆ? ಉತ್ತರವನ್ನು ಅರಸುತ್ತ ಹಿಂದಕ್ಕೆ ಹೋದರೆ ಬಹಳಷ್ಟು ಸಂದರ್ಭಗಳಲ್ಲಿ ನಾವು ಬಂದು ನಿಲ್ಲುವುದು ಆಕೆಯ ಬಾಲ್ಯದ ಒಂದು ಗಂಟಲುನೋವಿನ ಬಳಿ. ಎಂಟನೆಯ ವಯಸ್ಸಿನಲ್ಲೋ ಹತ್ತನೆಯ ವಯಸ್ಸಿನಲ್ಲೋ ಬಂದು, ನಾಲ್ಕು ದಿನ ಕಾಡಿ, ತಾನಾಗಿಯೇ ಹೋದ ಒಂದು ಸಾಮಾನ್ಯ ಗಂಟಲುನೋವು! ತಾಯಿಗೆ ಅದರ ನೆನಪೂ ಉಳಿದಿರುವುದಿಲ್ಲ.

ಮಕ್ಕಳಿಗೆ ಬರುವ ಗಂಟಲುನೋವುಗಳಲ್ಲಿ ಹೆಚ್ಚಿನವು ವೈರಸ್‌ನಿಂದ ಬರುವಂಥವು. ಅವುಗಳಿಗೆ ವಿಶ್ರಾಂತಿ ಮತ್ತು ಬಿಸಿನೀರು ಸಾಕು. ಆದರೆ ಹತ್ತು ಮಕ್ಕಳಲ್ಲಿ ಎರಡು ಮೂರು ಮಕ್ಕಳ ಗಂಟಲುನೋವಿಗೆ ಎ ಗುಂಪಿನ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ ಕಾರಣವಾಗಿರುತ್ತದೆ. ಐದರಿಂದ ಹದಿನೈದು ವರ್ಷದ ಮಕ್ಕಳೇ ಅದಕ್ಕೆ ಹೆಚ್ಚಾಗಿ ತುತ್ತಾಗುವವರು. ಈ ರೋಗಾಣುವಿನ ವಿರುದ್ಧ ಹೋರಾಡಲು ದೇಹವು ಸಿದ್ಧಪಡಿಸುವ ಸೈನ್ಯವು ಕೆಲವು ಮಕ್ಕಳಲ್ಲಿ ದಾರಿ ತಪ್ಪುತ್ತದೆ. ರೋಗಾಣುವಿಗೂ ಹೃದಯದ ಅಂಗಾಂಶಕ್ಕೂ ಇರುವ ಹೋಲಿಕೆಯಿಂದ ಮೋಸಹೋಗಿ ಅದು ಸ್ವಂತ ಮನೆಯ ಮೇಲೆಯೇ ದಾಳಿ ಮಾಡುತ್ತದೆ. ಗಂಟಲು ವಾಸಿಯಾದ ಎರಡು ಮೂರು ವಾರಗಳ ಬಳಿಕ ಜ್ವರ ಬರುತ್ತದೆ, ಕೀಲುಗಳು ಊದಿಕೊಳ್ಳುತ್ತವೆ. ಇದನ್ನೇ ವೈದ್ಯರು ರುಮ್ಯಾಟಿಕ್ ಜ್ವರ ಎನ್ನುತ್ತಾರೆ. ಕೀಲುಗಳ ನೋವು ಗುರುತಿಲ್ಲದೆ ಮಾಯವಾಗುತ್ತದೆ. ಹೃದಯದ ಕವಾಟಕ್ಕೆ ಆದ ಗಾಯ ಮಾತ್ರ ಉಳಿದುಬಿಡುತ್ತದೆ. ಮರಳಿ ಮರಳಿ ಸೋಂಕು ತಗಲಿದಂತೆಲ್ಲ ಆ ಗಾಯ ಹೆಚ್ಚುತ್ತದೆ. ಕೊನೆಗೆ ಕವಾಟವು ಸರಿಯಾಗಿ ತೆರೆಯಲಾರದೆ, ಇಲ್ಲವೇ ಮುಚ್ಚಲಾರದೆ ಹೋಗುತ್ತದೆ.

ಚಿಕಿತ್ಸೆ ಪಡೆಯದ ಪ್ರತಿಯೊಂದು ಮಗುವಿಗೂ ಹೀಗಾಗುವುದಿಲ್ಲ. ನೂರರಲ್ಲಿ ಹೆಚ್ಚೆಂದರೆ ಮೂರು ಮಕ್ಕಳಿಗೆ ಆಗಬಹುದು. ಆದರೆ ಆ ಮಗು ಯಾರ ಮನೆಯದೆಂದು ಮೊದಲೇ ಹೇಳಬಲ್ಲವರು ಯಾರು? ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು ಐದೂವರೆ ಕೋಟಿ ಜನರು ಈ ಹೃದ್ರೋಗದೊಂದಿಗೆ ಬದುಕುತ್ತಿದ್ದಾರೆ. ವರ್ಷಕ್ಕೆ ಸುಮಾರು 3.6 ಲಕ್ಷ ಮಂದಿ ಅದರಿಂದ ಸಾಯುತ್ತಿದ್ದಾರೆ. ಶ್ರೀಮಂತ ದೇಶಗಳು ಇದನ್ನು ಬಹುತೇಕ ಮರೆತಿವೆ. ಇಂದು ಇದು ಇಕ್ಕಟ್ಟಾದ ಮನೆಗಳ ಮತ್ತು ದೂರದ ಆಸ್ಪತ್ರೆಗಳ ನಾಡಿನ ರೋಗವಾಗಿ ಉಳಿದಿದೆ.

ಇದನ್ನು ತಡೆಯುವ ದಾರಿ ತಿಳಿಯದೆ ನಾವು ಸೋತಿದ್ದೇವೆಯೇ? ಖಂಡಿತ ಇಲ್ಲ. 1950ರಲ್ಲಿಯೇ ಅಮೆರಿಕದ ವ್ಯೋಮಿಂಗ್ ರಾಜ್ಯದ ಒಂದು ವಾಯುಪಡೆ ನೆಲೆಯಲ್ಲಿ ಯುವ ಸೈನಿಕರ ಮೇಲೆ ನಡೆದ ಅಧ್ಯಯನವು, ಗಂಟಲಿನ ಈ ಸೋಂಕಿಗೆ ಪೆನಿಸಿಲಿನ್ ನೀಡಿದರೆ ರುಮ್ಯಾಟಿಕ್ ಜ್ವರವನ್ನು ತಡೆಯಬಹುದೆಂದು ತೋರಿಸಿಕೊಟ್ಟಿತು. ನೋವು ಆರಂಭವಾದ ಒಂಬತ್ತು ದಿನಗಳೊಳಗೆ ಔಷಧಿ ಶುರುವಾದರೂ ರಕ್ಷಣೆ ದೊರೆಯುತ್ತದೆ ಎಂಬುದು ಅಲ್ಲಿಂದಲೇ ತಿಳಿದುಬಂದ ಇನ್ನೊಂದು ಸತ್ಯ. ಒಂಬತ್ತು ದಿನಗಳೆಂದರೆ ಒಂದು ಶುಕ್ರವಾರದಿಂದ ಮುಂದಿನ ಶುಕ್ರವಾರವನ್ನು ದಾಟಿ ಇನ್ನೆರಡು ದಿನ. ಕೂಲಿಗೆ ಹೋಗುವ ತಂದೆಗೂ ಅಷ್ಟರಲ್ಲಿ ಒಂದು ಬಿಡುವಿನ ದಿನ ಸಿಕ್ಕೇ ಸಿಗುತ್ತದೆ. ಹತ್ತು ದಿನಗಳ ಪೆನಿಸಿಲಿನ್ ಅಥವಾ ಅಮಾಕ್ಸಿಸಿಲಿನ್, ಇಲ್ಲವೇ ಬೆಂಜಥಿನ್ ಪೆನಿಸಿಲಿನ್‌ನ ಒಂದೇ ಒಂದು ಚುಚ್ಚುಮದ್ದು. ಇಷ್ಟೇ ಚಿಕಿತ್ಸೆ. ಎಷ್ಟೋ ರೋಗಾಣುಗಳು ಔಷಧಿಗಳಿಗೆ ಬಗ್ಗದಂತಾಗಿರುವ ಈ ಕಾಲದಲ್ಲಿಯೂ ಈ ರೋಗಾಣು ಪೆನಿಸಿಲಿನ್‌ಗೆ ಶರಣಾಗುತ್ತಲೇ ಇದೆ. ಇಷ್ಟು ಹಳೆಯ, ಇಷ್ಟು ಅಗ್ಗದ ಮದ್ದು ಕೈಯಲ್ಲಿದ್ದೂ ನಮ್ಮ ಮಕ್ಕಳು ಕವಾಟ ಕಳೆದುಕೊಳ್ಳುತ್ತಿದ್ದಾರೆಂದರೆ ಆ ದೋಷವನ್ನು ವಿಧಿಯ ಮೇಲೆ ಹೊರಿಸುವುದು ಸರಿಯೇ?

ನಮ್ಮ ಮನೆಗಳಲ್ಲಿ ನಡೆಯುವುದೇನೆಂದು ಸ್ವಲ್ಪ ನೋಡೋಣ. ಮಗು ಗಂಟಲು ನೋವೆಂದರೆ, ಕಿರುನಾಲಿಗೆ ಬಿದ್ದಿದೆ ಎಂದು ಅಜ್ಜಿ ತೀರ್ಮಾನಿಸುತ್ತಾರೆ. ಉಪ್ಪುನೀರು, ಅರಿಶಿನದ ಹಾಲು, ಜೇನುತುಪ್ಪ ಸಿದ್ಧವಾಗುತ್ತದೆ. ಇವು ಕೆಡುಕಿನವಲ್ಲ, ನೋವಿಗೆ ಸ್ವಲ್ಪ ಆರಾಮವನ್ನೂ ಕೊಡುತ್ತವೆ. ಆದರೆ ರೋಗಾಣುವನ್ನು ಕೊಲ್ಲಲಾರವು. ಜ್ವರ ಹೆಚ್ಚಿದರೆ ತಂದೆ ಮೆಡಿಕಲ್ ಶಾಪಿನಿಂದ ಎರಡು ಮಾತ್ರೆ ತರುತ್ತಾನೆ, ಇಲ್ಲವೇ ಪದವಿಯಿಲ್ಲದ ಸೂಜಿ ಡಾಕ್ಟರರ ಬಳಿಗೆ ಮಗುವನ್ನು ಕರೆದೊಯ್ಯುತ್ತಾನೆ. ಮೂರನೆಯ ದಿನ ಮಗು ಆಟಕ್ಕಿಳಿಯುತ್ತದೆ. ಎಲ್ಲರೂ ಅಲ್‌ಹಮ್ದುಲಿಲ್ಲಾಹ್ ಎನ್ನುತ್ತಾರೆ. ಮೋಸವಿರುವುದು ಇಲ್ಲಿಯೇ. ಈ ಗಂಟಲುನೋವು ಔಷಧಿಯಿಲ್ಲದೆಯೂ ಕೆಲವು ದಿನಗಳಲ್ಲಿ ಇಳಿಯುವಂಥದ್ದು. ನೋವು ಹೋದುದನ್ನೇ ರೋಗ ಹೋಯಿತೆಂದು ನಾವು ತಿಳಿಯುತ್ತೇವೆ. ವೈದ್ಯರು ಹತ್ತು ದಿನಕ್ಕೆ ಬರೆದುಕೊಟ್ಟ ಮಾತ್ರೆಯನ್ನು ಮೂರು ದಿನಕ್ಕೆ ನಿಲ್ಲಿಸಿ, ಉಳಿದುದನ್ನು ಮುಂದಿನ ಸಲಕ್ಕಿರಲಿ ಎಂದು ಡಬ್ಬಿಯಲ್ಲಿಡುವ ಮಿತವ್ಯಯಿ ಗೃಹಿಣಿಗೆ, ತಾನು ಉಳಿಸಿದ್ದು ಎಷ್ಟು, ಕಳೆದುಕೊಂಡದ್ದು ಎಷ್ಟು ಎಂಬುದು ತಿಳಿಯುವುದಿಲ್ಲ.

ಹಾಗಾದರೆ ಪ್ರತಿಯೊಂದು ಗಂಟಲುನೋವಿಗೂ ಆಂಟಿಬಯಾಟಿಕ್ ನುಂಗಿಸಬೇಕೇ ಎಂದು ಕೇಳಬಹುದು. ಬೇಡ. ಅದು ಇನ್ನೊಂದು ಬಗೆಯ ಅಪರಾಧ. ಮೂಗು ಸೋರುತ್ತಿದ್ದರೆ, ಕೆಮ್ಮಿದ್ದರೆ, ಸ್ವರ ಒಡೆದಿದ್ದರೆ, ಕಣ್ಣು ಕೆಂಪಾಗಿದ್ದರೆ ಅದು ಹೆಚ್ಚಾಗಿ ವೈರಸ್‌ನದು. ಕೆಮ್ಮು ನೆಗಡಿಗಳಿಲ್ಲದೆ ಒಮ್ಮೆಗೇ ಗಂಟಲುನೋವು ಮತ್ತು ಜ್ವರ ಬಂದು, ನುಂಗಲು ಕಷ್ಟವಾಗಿ, ಕತ್ತಿನ ಮುಂಭಾಗದ ಗಂಟುಗಳು ಊದಿ, ಮುಟ್ಟಿದರೆ ನೋಯುತ್ತಿದ್ದರೆ, ಬಾಯಿ ತೆರೆಸಿ ನೋಡಿದಾಗ ಟಾನ್ಸಿಲ್‌ಗಳು ಕೆಂಪಾಗಿ ಅಥವಾ ಬಿಳಿಯ ಚುಕ್ಕೆಗಳಿಂದ ಕೂಡಿದ್ದರೆ ಸಂಶಯಪಡಬೇಕು. ತಾಯಿಯ ಕೆಲಸ ಸಂಶಯಪಡುವವರೆಗೆ ಮಾತ್ರ. ತೀರ್ಮಾನ ವೈದ್ಯರದು. ಗಂಟಲಿನಿಂದ ಹತ್ತಿಯ ಕಡ್ಡಿಯಲ್ಲಿ ದ್ರವ ತೆಗೆದು ಮಾಡುವ ಕ್ಷಿಪ್ರ ಪರೀಕ್ಷೆಯು ಕೆಲವೇ ನಿಮಿಷಗಳಲ್ಲಿ ಉತ್ತರ ಕೊಡುತ್ತದೆ. ಪ್ರಯೋಗಾಲಯದ ಕಲ್ಚರ್ ಪರೀಕ್ಷೆಗೆ ಒಂದೆರಡು ದಿನ ಬೇಕು. ಒಂಬತ್ತು ದಿನಗಳ ಅವಕಾಶವಿರುವಾಗ ಎರಡು ದಿನ ಕಾಯುವುದು ನಷ್ಟವೇನಲ್ಲ.

ಗಂಟಲಿನ ಹಂತ ತಪ್ಪಿಹೋದರೂ ಇನ್ನೊಂದು ಬಾಗಿಲು ತೆರೆದಿರುತ್ತದೆ. ಅದನ್ನೂ ನಾವು ಮುಚ್ಚಿಬಿಡುತ್ತೇವೆ. ಇಂದು ಮಂಡಿ, ನಾಳೆ ಪಾದದ ಕೀಲು, ನಾಡಿದ್ದು ಮೊಣಕೈ ಎಂದು ನೋವು ಜಾಗ ಬದಲಿಸುತ್ತಿರುವಾಗ, ಬೆಳೆಯುವ ಮಕ್ಕಳಿಗೆ ಇದೆಲ್ಲ ಸಹಜವೆಂದು ಎಣ್ಣೆ ಹಚ್ಚಿ ಮಲಗಿಸುತ್ತೇವೆ. ಕೆಲವು ಮಕ್ಕಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ತಿಂಗಳುಗಳ ಬಳಿಕ ಕೈಕಾಲುಗಳು ತಮ್ಮಷ್ಟಕ್ಕೇ ಅದುರತೊಡಗುತ್ತವೆ. ತಟ್ಟೆ ಕೈಜಾರುತ್ತದೆ, ಅಕ್ಷರ ಕೆಡುತ್ತದೆ, ಮುಖ ಸೊಟ್ಟಗಾಗುತ್ತದೆ, ಕಾರಣವಿಲ್ಲದೆ ಅಳು ಬರುತ್ತದೆ. ಇದಕ್ಕೆ ವೈದ್ಯಶಾಸ್ತ್ರದಲ್ಲಿ ಕೋರಿಯಾ ಎಂಬ ಹೆಸರಿದೆ. ರುಮ್ಯಾಟಿಕ್ ಜ್ವರದ ಪ್ರಮುಖ ಲಕ್ಷಣಗಳಲ್ಲಿ ಇದೂ ಒಂದು. ನಮ್ಮ ಮೊಹಲ್ಲಾಗಳಲ್ಲಿ ಇದಕ್ಕಿರುವ ಹೆಸರು ಬೇರೆ. ಹುಡುಗಿಯ ಮೇಲೆ ಸಾಯಾ ಬಿದ್ದಿದೆ, ಜಿನ್ನ್ ಹಿಡಿದಿದೆ ಎನ್ನುತ್ತಾರೆ. ತಾಯಿತ ಕಟ್ಟಿಸಿ, ದಾರ ಮಂತ್ರಿಸಿ, ಊರೂರು ಅಲೆದು, ಮಾತು ಹೊರಬಿದ್ದರೆ ಮಗಳ ನಿಕಾಹ್‌ಗೆ ತೊಡಕೆಂದು ಕೋಣೆಯೊಳಗೆ ಕೂರಿಸುತ್ತಾರೆ. ಶಿಫಾ ನೀಡುವವನು ಅಲ್ಲಾಹನೇ ಎಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಆ ಶಿಫಾದ ದಾರಿಯಾಗಿ ಮದ್ದನ್ನು ಅರಸಬೇಕೆಂದು ಪ್ರವಾದಿಯವರು(ಸ) ಕಲಿಸಿದ್ದಾರೆಂಬುದನ್ನು ಮರೆತವರು ತವಕ್ಕುಲ್‌ನ ಹೆಸರನ್ನು ಹೇಳುವುದು ಎಷ್ಟು ಸರಿ?

ಒಮ್ಮೆ ರುಮ್ಯಾಟಿಕ್ ಜ್ವರ ಬಂದ ಮಗುವಿಗೆ ಮತ್ತೆ ಸೋಂಕು ತಗಲದಂತೆ ಮೂರು ನಾಲ್ಕು ವಾರಗಳಿಗೊಮ್ಮೆ ಬೆಂಜಥಿನ್ ಪೆನಿಸಿಲಿನ್ ಚುಚ್ಚಬೇಕು. ಕನಿಷ್ಠ ಐದು ವರ್ಷ, ಹೃದಯಕ್ಕೆ ಪೆಟ್ಟಾಗಿದ್ದರೆ ಕನಿಷ್ಠ ಹತ್ತು ವರ್ಷ, ಕೆಲವರಿಗೆ ಜೀವನಪರ್ಯಂತ. ಈ ಚುಚ್ಚುಮದ್ದು ನೋವಿನದು. ಅಲರ್ಜಿಯ ಭಯವೂ ಉಂಟು. ಗಂಭೀರ ಅಲರ್ಜಿ ವಿರಳವಾದುದರಿಂದ, ಅದನ್ನು ನಿಭಾಯಿಸುವ ಏರ್ಪಾಡಿರುವಲ್ಲಿ ವೈದ್ಯರ ಮುಂದೆ ಪಡೆದರೆ ಹೆದರಬೇಕಿಲ್ಲ. ರಮಝಾನ್ ಬಂತೆಂದು ಒಂದು ಸರದಿಯನ್ನು ತಪ್ಪಿಸುವವರೂ ಇದ್ದಾರೆ. ಪೋಷಣೆಗಾಗಿ ಅಲ್ಲದೆ ಚಿಕಿತ್ಸೆಗಾಗಿ ಸ್ನಾಯುವಿಗೆ ಕೊಡುವ ಚುಚ್ಚುಮದ್ದಿನಿಂದ ಉಪವಾಸ ಮುರಿಯುವುದಿಲ್ಲವೆಂಬುದು ಇಂದಿನ ಬಹುತೇಕ ಫಿಕ್ಹ್ ವಿದ್ವಾಂಸರ ಅಭಿಪ್ರಾಯ. ಇದನ್ನು ಮಿಂಬರ್‌ನಿಂದ ಒಮ್ಮೆ ಸ್ಪಷ್ಟವಾಗಿ ಹೇಳಿದರೆ ಎಷ್ಟೋ ಮಕ್ಕಳ ಸರದಿ ತಪ್ಪದೆ ಉಳಿದೀತು.

ಈ ರೋಗ ಗಂಡಸರಿಗಿಂತ ಹೆಂಗಸರನ್ನೇ ಹೆಚ್ಚಾಗಿ ಕಾಡುತ್ತದೆ. ಬಾಲ್ಯದಲ್ಲಿ ಗಾಯಗೊಂಡ ಕವಾಟ ವರ್ಷಗಟ್ಟಲೆ ಸುಮ್ಮನಿದ್ದು, ಗರ್ಭ ಧರಿಸಿದಾಗ ರಕ್ತದ ಹೊರೆ ಹೆಚ್ಚಿದೊಡನೆ ತನ್ನ ನಿಜರೂಪ ತೋರಿಸುತ್ತದೆ. ಎರಡು ಮೆಟ್ಟಿಲು ಹತ್ತಿ ಉಸಿರಿಗಾಗಿ ಕುಳಿತ ಸೊಸೆಯನ್ನು ಸೋಮಾರಿಯೆಂದು ಜರೆಯುವ ಅತ್ತೆಗೆ, ತನ್ನ ಮುಂದೆ ಕುಳಿತಿರುವುದು ಹೃದ್ರೋಗಿಯೆಂಬುದು ಗೊತ್ತಿರುವುದಿಲ್ಲ. ಹೆರಿಗೆಯ ಕೋಣೆಯಲ್ಲಿ ಆ ಸತ್ಯ ಹೊರಬರುವ ಹೊತ್ತಿಗೆ ಎರಡು ಜೀವಗಳು ಅಪಾಯದಲ್ಲಿರುತ್ತವೆ.

ಇನ್ನು ನಾವು ಚಂದಾ ಎತ್ತುವ ಆ ಶಸ್ತ್ರಚಿಕಿತ್ಸೆಯಾದರೂ ಎಲ್ಲವನ್ನೂ ಸರಿಪಡಿಸುವುದೇ? ಕಿರಿದಾದ ಕವಾಟವನ್ನು ತೊಡೆಯ ರಕ್ತನಾಳದ ಮೂಲಕ ಬಲೂನು ಕಳುಹಿಸಿ ಅಗಲಿಸುವ ಚಿಕಿತ್ಸೆಯಲ್ಲಿ ನಮ್ಮ ರಾಜ್ಯದ ಜಯದೇವ ಹೃದ್ರೋಗ ಸಂಸ್ಥೆಗೆ ದೊಡ್ಡ ಹೆಸರಿದೆ. ಅದರ ಮೈಸೂರು ಶಾಖೆ ಈ ಎರಡು ತಾಲೂಕುಗಳ ಜನರಿಗೆ ಒಂದು ಗಂಟೆಯ ಬಸ್ ಪ್ರಯಾಣದಷ್ಟೇ ಹತ್ತಿರ. ಇದು ನಮ್ಮ ಭಾಗ್ಯ. ಆದರೆ ಎಲ್ಲ ಕವಾಟಗಳೂ ಬಲೂನಿಗೆ ಬಗ್ಗುವುದಿಲ್ಲ. ಲೋಹದ ಕವಾಟ ಕೂರಿಸಿಕೊಂಡವರು ಜೀವನವಿಡೀ ರಕ್ತ ಹೆಪ್ಪುಗಟ್ಟದ ಮಾತ್ರೆ ನುಂಗಬೇಕು, ಆಗಾಗ ರಕ್ತಪರೀಕ್ಷೆ ಮಾಡಿಸಬೇಕು. ತಾಯಿಯಾಗಬಯಸುವ ಹೆಣ್ಣುಮಗಳಿಗೆ ಆ ಮಾತ್ರೆಯೇ ಹೊಸ ಸಂಕಟ. ಟವೆಲಿನಲ್ಲಿ ಕೂಡಿದ ಹಣ ಆಕೆಯ ಜೀವವನ್ನು ಉಳಿಸಬಹುದು, ಆದರೆ ಆರೋಗ್ಯವನ್ನು ಪೂರ್ಣವಾಗಿ ಹಿಂದಕ್ಕೆ ತರಲಾರದು.

ಮಸೀದಿಯ ಬಾಗಿಲಲ್ಲಿ ನಾವು ಮಾಡುತ್ತಿರುವುದನ್ನೇ ಸರಕಾರವು ದೊಡ್ಡ ಪ್ರಮಾಣದಲ್ಲಿ ಮಾಡುತ್ತಿದೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ನೆರವಿದೆ. ಅದನ್ನು ನಾವು ಸ್ವಾಗತಿಸುತ್ತೇವೆ. ಆದರೆ ಕವಾಟ ಕೆಟ್ಟ ಮೇಲೆ ಲಕ್ಷಗಳನ್ನು ತೆರಲು ಸಿದ್ಧವಿರುವ ಸರಕಾರವು, ಕವಾಟ ಕೆಡದಂತೆ ತಡೆಯುವ ಗಂಟಲು ಪರೀಕ್ಷೆಗೆ ತಾಲೂಕಿನಲ್ಲಿ ಎಷ್ಟು ಖರ್ಚು ಮಾಡುತ್ತಿದೆ? ಕ್ಷಯರೋಗಕ್ಕಿರುವಂತೆ ಈ ರೋಗಕ್ಕೆ ದೇಶದಲ್ಲಿ ಪ್ರತ್ಯೇಕ ರಾಷ್ಟ್ರೀಯ ಕಾರ್ಯಕ್ರಮವೇ ಇಲ್ಲ. 2018ರ ಮೇ ತಿಂಗಳಿನಲ್ಲಿ ವಿಶ್ವ ಆರೋಗ್ಯ ಅಧಿವೇಶನವು ಇದರ ವಿರುದ್ಧ ನಿರ್ಣಯ ಅಂಗೀಕರಿಸಿತು. ಜಿನೀವಾದ ನಿರ್ಣಯವು ತಾಲೂಕು ಆಸ್ಪತ್ರೆಯ ಔಷಧಿಯ ಕಪಾಟನ್ನು ತಲುಪಬೇಡವೇ? ಕ್ಯೂಬಾದಂತಹ ಸಣ್ಣ ದೇಶವು ತನ್ನ ಪಿನಾರ್ ದೆಲ್ ರಿಯೊ ಪ್ರಾಂತದಲ್ಲಿ 1986ರಿಂದ ಹತ್ತು ವರ್ಷ ಜನರಿಗೆ ತಿಳಿವಳಿಕೆ, ವೈದ್ಯರಿಗೆ ತರಬೇತಿ ಮತ್ತು ರೋಗಿಗಳ ನೋಂದಣಿ ಮುಂತಾದ ಸಾಧನಗಳಿಂದ ಕೆಲಸ ಮಾಡಿತು. ಐದರಿಂದ ಇಪ್ಪತ್ತೈದರ ವಯೋಮಾನದವರಲ್ಲಿ ಲಕ್ಷಕ್ಕೆ 18.6ರಷ್ಟಿದ್ದ ರುಮ್ಯಾಟಿಕ್ ಜ್ವರವು 2.5ಕ್ಕೆ ಇಳಿಯಿತು. ಅವರಿಗೆ ಸಾಧ್ಯವಾದುದು ನಮಗೇಕೆ ಸಾಧ್ಯವಾಗದು?

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣಾ ಪಟ್ಟಿಯಲ್ಲಿ ರುಮ್ಯಾಟಿಕ್ ಹೃದ್ರೋಗದ ಹೆಸರಿದೆ. ಅಂಗನವಾಡಿಗಳಿಗೂ ಸರಕಾರಿ ಮತ್ತು ಅನುದಾನಿತ ಶಾಲೆಗಳಿಗೂ ವೈದ್ಯ ತಂಡ ಭೇಟಿ ಕೊಡಬೇಕೆಂಬುದು ಅದರ ನಿಯಮ. ಶಾಲಾ ವಯಸ್ಸಿನ ಮುಸ್ಲಿಂ ಮಕ್ಕಳಲ್ಲಿ ಮದ್ರಸಗಳಲ್ಲಿ ಓದುವವರು ಸುಮಾರು ಶೇ. 3ರಷ್ಟು ಮಾತ್ರವೆಂದು 2006ರಲ್ಲಿಯೇ ಸಾಚಾರ್ ಸಮಿತಿ ಹೇಳಿತ್ತು. ಅಂದರೆ ನಮ್ಮ ಮಕ್ಕಳಲ್ಲಿ ಬಹುಪಾಲು ಶಾಲೆಗಳಲ್ಲಿಯೇ ಇದ್ದಾರೆ. ಉರ್ದು ಶಾಲೆಗೆ ಈ ವರ್ಷ ವೈದ್ಯ ತಂಡ ಬಂದಿತ್ತೇ, ಬಂದವರು ಮಗುವಿನ ಎದೆಗೆ ಸ್ಟೆತೊಸ್ಕೋಪ್ ಇಟ್ಟರೇ ಎಂದು ಶಾಲಾಭಿವೃದ್ಧಿ ಸಮಿತಿಯಲ್ಲಿರುವ ನಮ್ಮ ಪೋಷಕರು ಕೇಳಿದ್ದಾರೆಯೇ? ಗಂಟಲುನೋವಿನ ನೆನಪೇ ಇಲ್ಲದೆ ಹೃದಯಕ್ಕೆ ಪೆಟ್ಟು ಮಾಡಿಕೊಂಡ ಮಕ್ಕಳೂ ಇರುವುದರಿಂದ ಈ ತಪಾಸಣೆಗೆ ವಿಶೇಷ ಮಹತ್ವವಿದೆ.

ಆ ಪಟ್ಟಿಯ ಹೊರಗುಳಿಯುವವರು ಅನುದಾನರಹಿತ ಶಾಲೆಗಳ ಮಕ್ಕಳು ಮತ್ತು ವಸತಿ ಮದ್ರಸಗಳ ಮಕ್ಕಳು. ನಾವೂ ಮದ್ರಸದ ಹಾಸಿಗೆಯ ಸಾಲಿನಲ್ಲಿ ಮಲಗಿ ಬೆಳೆದವರು. ಒಬ್ಬನಿಗೆ ಗಂಟಲು ಕೆಟ್ಟರೆ ವಾರದೊಳಗೆ ಇಡೀ ಸಾಲಿನ ಗಂಟಲು ಕೆಡುತ್ತಿತ್ತು. ಒಂದೇ ಲೋಟದಲ್ಲಿ ನೀರು ಕುಡಿಯುತ್ತಿದ್ದೆವು, ಮುಖಕ್ಕೆ ಮುಖ ತಾಗುವಷ್ಟು ಹತ್ತಿರ ಮಲಗುತ್ತಿದ್ದೆವು. ಸಬಕ್ ಒಪ್ಪಿಸಲು ಸ್ವರ ಹೊರಡದ ಹುಡುಗನನ್ನು ನೆಪಗಾರನೆಂದು ಗದರಿಸಲಾಗುತ್ತಿತ್ತು. ನಮ್ಮ ಉಸ್ತಾದರಲ್ಲಿ ಕರುಣೆಯಿರಲಿಲ್ಲವೆಂದಲ್ಲ, ತಿಳಿವಳಿಕೆಯಿರಲಿಲ್ಲ. ಹೊರಗಿನವರು ಬಂದರೆ ಏನೋ ತೊಂದರೆಯಾದೀತೆಂಬ ಭಯ ಇಂದು ಹಲವು ಮದ್ರಸಗಳಲ್ಲಿದೆ. ಆ ಭಯಕ್ಕೆ ರಾಜಕೀಯ ಕಾರಣಗಳಿರುವುದನ್ನು ನಾವು ಬಲ್ಲೆವು. ಆದರೆ ಸ್ಟೆತೊಸ್ಕೋಪ್ ಹಿಡಿದು ಬರುವವರಿಗೂ ಬಾಗಿಲು ಮುಚ್ಚಿದರೆ ನಷ್ಟ ಯಾರಿಗೆ? ಅಲ್ಲಾಹನ ವಚನವನ್ನು ಎದೆಯಲ್ಲಿ ಹೊತ್ತ ಬಾಲಕನ ಎದೆಯ ಬಡಿತವನ್ನು ಆಲಿಸುವುದೂ ಮದ್ರಸದ ಹೊಣೆಯಲ್ಲವೇ?

ಈ ರೋಗಕ್ಕೆ ಜಾತಿ ಧರ್ಮಗಳಿಲ್ಲ. ಪಕ್ಕದ ದಲಿತ ಕೇರಿಯ ಮಗುವನ್ನೂ ಇಕ್ಕಟ್ಟಾದ ವಠಾರದ ಎಲ್ಲ ಮಕ್ಕಳನ್ನೂ ಅದು ಒಂದೇ ರೀತಿ ಹಿಡಿಯುತ್ತದೆ. ಆದುದರಿಂದ ಬೇಡಿಕೆಯನ್ನೂ ಒಟ್ಟಾಗಿಯೇ ಮುಂದಿಡಬೇಕು. ತನ್ನ ಆನೆಯ ಕಣ್ಣಿನ ಬೇನೆ ವಾಸಿಯಾದಾಗ ಟಿಪ್ಪು ಸುಲ್ತಾನರು ನಂಜನಗೂಡಿನ ದೇವರನ್ನು ಹಕೀಮ್ ನಂಜುಂಡ ಎಂದು ಕರೆದರೆಂಬ ಐತಿಹ್ಯವನ್ನು ಆ ಊರಿನ ಎಲ್ಲ ಸಮುದಾಯದವರೂ ಅಭಿಮಾನದಿಂದ ಹೇಳುತ್ತಾರೆ. ಹಕೀಮ್ ಎಂಬ ಶಬ್ದವನ್ನು ಹೀಗೆ ಹಂಚಿಕೊಂಡ ಊರಿನವರು ಒಂದು ಮನವಿ ಪತ್ರಕ್ಕೆ ಒಟ್ಟಾಗಿ ಸಹಿ ಹಾಕಲಾರರೇ? ನಂಜನಗೂಡು ಮತ್ತು ತಿ. ನರಸೀಪುರದ ತಾಲೂಕು ಆಸ್ಪತ್ರೆಗಳಲ್ಲಿ ಕ್ಷಿಪ್ರ ಗಂಟಲು ಪರೀಕ್ಷೆ ಎಲ್ಲ ದಿನವೂ ದೊರೆಯಲಿ. ಬೆಂಜಥಿನ್ ಪೆನಿಸಿಲಿನ್ ಒಂದು ದಿನವೂ ಮುಗಿಯದಿರಲಿ. ರುಮ್ಯಾಟಿಕ್ ಜ್ವರ ಬಂದ ಮಕ್ಕಳ ಹೆಸರುಗಳು ಒಂದು ಪುಸ್ತಕದಲ್ಲಿ ದಾಖಲಾಗಲಿ, ಸರದಿ ತಪ್ಪಿಸಿದವರ ಮನೆಗೆ ಆಶಾ ಕಾರ್ಯಕರ್ತೆ ಹೋಗಿ ವಿಚಾರಿಸಲಿ. ಇಷ್ಟೇ ನಮ್ಮ ಬೇಡಿಕೆ.

ಜಮಾಅತ್‌ಗಳ ಪಾಲಿನ ಕೆಲಸವೂ ದೊಡ್ಡದೇನಲ್ಲ. ತಿಂಗಳಿಗೊಮ್ಮೆ ಜುಮಾದ ದಿನ ಗಂಟಲುನೋವಿನ ಲಕ್ಷಣಗಳನ್ನೂ ಒಂಬತ್ತು ದಿನಗಳ ಗಡುವನ್ನೂ ಎರಡು ನಿಮಿಷದಲ್ಲಿ ತಿಳಿಸಲಿ. ಮಹಿಳೆಯರ ಇಜ್ತಿಮಾಗಳಲ್ಲಿ ವೈದ್ಯೆಯೊಬ್ಬರನ್ನು ಕರೆದು ತಾಯಂದಿರಿಗೆ ವಿವರಿಸಲಿ. ಮಗುವನ್ನು ಆಸ್ಪತ್ರೆಗೆ ಕರೆದೊಯ್ದರೆ ಆ ದಿನದ ಕೂಲಿ ಹೋಗುವುದೆಂದು ಹಿಂಜರಿಯುವ ಬಡ ತಾಯಿಗೆ ಝಕಾತ್ ನಿಧಿಯಿಂದ ಬಸ್ ಚಾರ್ಜನ್ನೂ ಒಂದು ದಿನದ ಕೂಲಿಯನ್ನೂ ಕೊಡಲಿ. ಒಂದು ಕವಾಟಕ್ಕೆ ತೆರುವ ಹಣದಲ್ಲಿ ಅಂತಹ ಎಷ್ಟು ತಾಯಂದಿರಿಗೆ ನೆರವಾಗಬಹುದೆಂದು ಮುತವಲ್ಲಿಯವರೇ ಲೆಕ್ಕ ಹಾಕಿ ನೋಡಲಿ.

ಬಡತನ ತೊಲಗದೆ ಈ ರೋಗ ತೊಲಗದೆಂದು ಹೇಳುವವರಿದ್ದಾರೆ. ಆ ಮಾತಿನಲ್ಲಿ ಸತ್ಯವಿದೆ. ಯುರೋಪಿನಲ್ಲಿ ಪೆನಿಸಿಲಿನ್ ಬರುವ ಮೊದಲೇ, ಜನರ ಮನೆಗಳು ವಿಶಾಲವಾದಂತೆ ಈ ರೋಗ ಇಳಿಯತೊಡಗಿತ್ತು. ಗಾಳಿ ಬೆಳಕಿನ ಮನೆಗಳಿಗಾಗಿ ನಮ್ಮ ಹೋರಾಟ ನಿಲ್ಲಬಾರದು. ಆದರೆ ಮನೆ ದೊಡ್ಡದಾಗುವವರೆಗೆ ಮಗುವಿನ ಹೃದಯ ಕಾಯಲಾರದು.

ಇಂದು ರಾತ್ರಿ ನಿಮ್ಮ ಮಗು ಗಂಟಲು ನೋಯುತ್ತಿದೆಯೆಂದರೆ ಬೆಳಕಿನೆದುರು ಕೂರಿಸಿ ಬಾಯಿ ತೆರೆಸಿ ನೋಡಿರಿ. ಕತ್ತನ್ನು ಮುಟ್ಟಿ ನೋಡಿರಿ. ಸಂಶಯವಿದ್ದರೆ ನಾಳೆಯೇ ಸರಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ. ಕೊಟ್ಟ ಮಾತ್ರೆಯನ್ನು ಕೊನೆಯ ದಿನದವರೆಗೂ ನುಂಗಿಸಿರಿ. ಮಸೀದಿಯ ಬಾಗಿಲಲ್ಲಿ ಆ ಟವೆಲ್ ಮತ್ತೆ ಹಾಸಿದಾಗ ಕೈಲಾದುದನ್ನು ಖಂಡಿತವಾಗಿ ಹಾಕಿರಿ. ಆದರೆ ಇಂತಹ ಕಾರಣಕ್ಕೆ ಅದನ್ನು ಹಾಸಬೇಕಾಗಿ ಬರದ ದಿನಕ್ಕಾಗಿ ದುಡಿಯುವುದು ಅದಕ್ಕಿಂತ ದೊಡ್ಡ ಸದಕಾ ಎಂಬುದನ್ನು ಮರೆಯದಿರಿ.